ಮಹಾಗಾಂವ ಕ್ರಾಸಿನ ನಡುಕ

“ಚಾವಿ ಕೊಡ್ರಿ ಅಪ್ಪಾ” ಎಂದು ಸುನೀಲಕುಮಾರ ಕೈ ಚಾಚಿದ. ಜಗದೇವಪ್ಪ ಜೀಪಿನ ಚಾವಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಮೇಲೆ ಅಂಗೈಯನ್ನೂ ಒತ್ತಿ ಇಟ್ಟುಕೊಂಡರು.

ಖೂಬಾ ಪ್ಲಾಟ್ ಬಡಾವಣೆಯ ಅವರ ಮನೆಯಂಗಳದಲ್ಲಿ ಈಗ ಇದ್ದದ್ದು ಒಂದೇ ಜಗಳ: ನಡುಗಿದ್ದು ಯಾವುದು? ಹಿಂದಿನ ವಾರ ಮೊಮ್ಮಗಳು ಸೃಷ್ಟಿಯನ್ನು ಕೂರಿಸಿಕೊಂಡು ಜಗದೇವಪ್ಪ ಕಮಲಾಪುರದ ತಮ್ಮ ಬಾಳೆತೋಟಕ್ಕೆ ಓಡಿಸುತ್ತಿದ್ದ ಜೀಪು ಮಹಾಗಾಂವ ಕ್ರಾಸ್ ದಾಟಿದ್ದೇ ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿದಿತ್ತು. ಮಗುವಿಗೆ ಏನೂ ಆಗಲಿಲ್ಲ, ಆಗಿದ್ದೆಲ್ಲ ತೊಗರಿಗೆ. ಸ್ಟೇರಿಂಗು ಗಡಗಡ ನಡುಗಿತು ಎಂದರು ಜಗದೇವಪ್ಪ. ನಡುಗಿದ್ದು ನಿಮ್ಮ ಕೈ ಎಂದ ಮಗ.

ಮಗನ ಕಡೆಗೆ ಸಾಕ್ಷಿಯೂ ಇತ್ತು. ಶಹಾಬಜಾರದ ಮೆಕ್ಯಾನಿಕ್ ಅಜರ್ ಜೀಪನ್ನು ಜಾಕಿನ ಮೇಲೆ ಎತ್ತಿ, ಚಕ್ರ ಅಲುಗಾಡಿಸಿ, ಬೇರಿಂಗು ತಿರುಗಿಸಿ ನೋಡಿದ್ದ. ಏನೂ ಸಡಿಲವಿರಲಿಲ್ಲ. ಬಂದದ್ದಕ್ಕೆ ಇರಲಿ ಎಂದು ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ನಟ್ಟಿಗೆ ಹೊಸ ಕಾಟರ್ ಪಿನ್ನು ತೂರಿಸಿ ಮಡಚಿದ್ದ. ತಲೆಗೂದಲಿನ ಪಿನ್ನಿನಂಥದೇ ತಂತಿ, ನಟ್ಟು ಕಳಚದ ಹಾಗೆ ಕಾಯುವಂಥದ್ದು. ಕೈ ಒರೆಸಿಕೊಂಡು ಅವನು ಹೇಳಿದ್ದಿಷ್ಟೆ: “ಗಾಡಿ ಬೆಣ್ಣಿ ಆಗ್ಯಾದ ಕಾಕಾ.”

ಅಂದಿನಿಂದ ಜಗದೇವಪ್ಪನವರ ಗಂಟಲಲ್ಲಿ ಅಜರ್ ಬಾಡಿಗೆಗೆ ಇದ್ದ. ರೊಟ್ಟಿ ಒಣಗಿ ಕಟಿಯಾದರೂ ಅವನದೇ ದನಿಯ ಅಣಕು: ಬೆಣ್ಣಿ ಆಗ್ಯಾದ ಕಾಕಾ. ಬ್ಯಾಂಕ್ ಮ್ಯಾನೇಜರ್ ಮಗ ಎದುರಾದರೆ ದನಿ ಮೂಗಿಗೆ ಏರಿ ಅವನದಾಗುತ್ತಿತ್ತು: ಈ ವಯಸ್ಸಿನಾಗ ರಿಸ್ಕ್ ಬ್ಯಾಡ್ರಿ ಅಪ್ಪಾ. ಸೃಷ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ಹೆಂಡತಿ ಶಂಕ್ರಮ್ಮ ಮಾತ್ರ ನಗದೆ, ಗಂಡ ಎರಡೂ ಕೈಯಿಂದ ಹಿಡಿದ ಚಹಾದ ಕಪ್ಪನ್ನೇ ನೋಡುತ್ತಿದ್ದರು. ಕಪ್ಪು ಬಿಸಿ ಅದ, ಅಷ್ಟೇ, ಎನ್ನುತ್ತಿದ್ದರು ಜಗದೇವಪ್ಪ.

ಕೊನೆಗೆ ಪಂದ್ಯ ಕಟ್ಟಿದವರೂ ಅವರೇ. ಭಾನುವಾರ ಮಗನೇ ಕಮಲಾಪುರದ ತನಕ ಓಡಿಸಲಿ. ಜೀಪು ನಡುಗದಿದ್ದರೆ ಚಾವಿ ಅವನದು, ಜೀಪು ಮಾರಾಟಕ್ಕೆ. ನಡುಗಿದರೆ ಅವರ ಕೈಯ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಎತ್ತಕೂಡದು.

ಆ ಭಾನುವಾರ ಬಂದಿತ್ತು. ನಸುಕಿನಲ್ಲಿ ಅವರನ್ನು ಎಬ್ಬಿಸಿದ್ದು ಅಂಗಳದ ಕಡೆಯಿಂದ ಬಂದ ಕುಟ್ಟಾಣಿಯಂಥ ಟಣ್ ಟಣ್. ಹೆಂಡತಿ ಬುತ್ತಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಕುಟ್ಟುತ್ತಿದ್ದಾಳೆ ಎಂದುಕೊಂಡು ಮಗ್ಗುಲಾಗಿದ್ದರು. ಈಗ ಮಗನ ಚಾಚಿದ ಕೈಗೆ, ಹುಲಿಯ ಬಾಯಿಗೆ ಕೊಟ್ಟ ಹಾಗೆ, ಚಾವಿ ಕೊಟ್ಟರು.

ಜೀಪು ಅಂದರೆ ಸೊಂಟ ನೋವು ಎನ್ನುವ ಶಂಕ್ರಮ್ಮ ಇವತ್ತು ತಾವಾಗಿ ಹತ್ತಿ ಮಗನ ಪಕ್ಕ ಕೂತರು. ಸೃಷ್ಟಿ ಬರುತ್ತೇನೆಂದು ಅತ್ತರೂ ಬಿಡಲಿಲ್ಲ. ಹುಮನಾಬಾದ ರಸ್ತೆಯುದ್ದಕ್ಕೂ ಒಂದೇ ಮಾತು: ಸಾವಕಾಶ ಹೋಗಪ್ಪಾ. ಜೀಪು ಬೆಣ್ಣೆಯ ಹಾಗೇ ಹೋಯಿತು. ಸುನೀಲಕುಮಾರ ಸಿಳ್ಳೆ ಹಾಕತೊಡಗಿದ. ಹಿಂದೆ ಕೂತ ಜಗದೇವಪ್ಪ ಮುಂದೆ ಬಾಗಿ ಸ್ಟೇರಿಂಗನ್ನೇ ನೋಡತೊಡಗಿದರು.

ಮಹಾಗಾಂವ ಕ್ರಾಸ್ ದಾಟಿದ್ದೇ ರಸ್ತೆಯ ಡಾಂಬರಿಗೆ ಹಾಕಿದ ಒಂದು ತೇಪೆ. ಮುಂದಿನ ಚಕ್ರ ಜಿಗಿಯಿತು. ಆಮೇಲೆ ಗಡ, ಗಡ, ಗಡಗಡಗಡ. ಸ್ಟೇರಿಂಗು ಮ್ಯಾನೇಜರನ ಎರಡೂ ತೋಳು ಹಿಡಿದು ಜಾಡಿಸಿತು, ಕನ್ನಡಕ ತುಟಿಗೆ ಬಂತು. ಜಗದೇವಪ್ಪ ಬಾಯಿ ತೆರೆಯುವ ಮೊದಲೇ ಶಂಕ್ರಮ್ಮ ಹೇಳಿದರು: “ಬ್ರೇಕ್ ಒತ್ತಬ್ಯಾಡ. ಕಾಲು ತಗಿ.”

ಜೀಪು ನಡುಗುತ್ತ ನಡುಗುತ್ತ ಅಂಚಿಗೆ ಬಂದು ನಿಂತಿತು.

“ಸಾಹೇಬ್ರ ಕೈ ಬಾಳ ನಡಗಾಕತ್ಯಾವಲ್ಲ” ಎಂದರು ಜಗದೇವಪ್ಪ, ಮಗನದೇ ಮೂಗಿನ ದನಿಯಲ್ಲಿ. “ಈ ವಯಸ್ಸಿನಾಗ ರಿಸ್ಕ್ ಬ್ಯಾಡಪ್ಪಾ.”

ಗೋಣಿಚೀಲ ಹಾಸಿ ಜೀಪಿನ ಕೆಳಗೆ ಅಂಗಾತ ತೂರಿದರು. ಮಗ ಇಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಆಡಿಸಿದ. ಜಗದೇವಪ್ಪ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ಕಾದರು. ಬಲತುದಿಯಲ್ಲಿ ಸಿಕ್ಕಿತು: ರಾಡು ಮೊದಲು ಹೊರಡುತ್ತಿತ್ತು, ಚಕ್ರ ಆಮೇಲೆ. ನಟ್ಟು ಸಡಿಲ, ಪಿನ್ನಿನ ತೂತು ಖಾಲಿ. ಕೈ ಹೊರಚಾಚಿದರು. ಕೇಳುವ ಮೊದಲೇ ನಟ್ಟು ಬಿಗಿಯುವ ಪಾನಾ ಬಂದು ಅಂಗೈಯಲ್ಲಿ ಕೂತಿತು. ಮದುವೆಯಾದಾಗಿನಿಂದ ಪಾನಾ ಕೊಡುವವರು ಶಂಕ್ರಮ್ಮನೇ. ಇವತ್ತು ಬಲಗೈಯಿಂದಷ್ಟೇ ಕೊಟ್ಟರು. ಸೇಫ್ಟಿ ಪಿನ್ನುಗಳ ಗೊಂಚಲು ತೂಗುವ ಎಡಗೈಯ ಬಳೆ ಸೆರಗಿನೊಳಗಿತ್ತು.

ನಟ್ಟು ಬಿಗಿಯಾಯಿತು. ಖಾಲಿ ತೂತಿಗೆ ತಂತಿ ಪೋಣಿಸಲು ಮಾತ್ರ ಆಗಲಿಲ್ಲ; ಇಲ್ಲಿ ಬೆಳಕು ಸಾಲದು ಎಂದು ಆ ಕೆಲಸ ಮಗನಿಗೆ ಬಿಟ್ಟರು. ಫೋನಿನಲ್ಲಿ ಅಜರ್‌ನನ್ನು ಬೈದು, ಅವನದೇ ಬೆಣ್ಣೆಯನ್ನು ಅವನಿಗೇ ಸರಿಯಾಗಿ ತಿನ್ನಿಸಿದರು.

“ಕಸಂ ಕಾಕಾ, ಪಿನ್ನು ನಾನೇ ಮಡಚೀನಿ. ಅದು ತಾನಾಗೇ ಬಿಚ್ಚಂಗಿಲ್ಲ” ಎಂದ ಅವನು.

“ಹಂಗಾರ ರೆಕ್ಕಿ ಬಂದು ಹಾರಿ ಹೋತೇನು?”

ತೋಟದಲ್ಲಿ ಕೆಂಪು ಬಾಳೆಯ ನೆರಳಿಗೆ ಬುತ್ತಿ ಬಿಚ್ಚಿದರು. ರೊಟ್ಟಿ, ಬದನೆಕಾಯಿ, ಮೊಸರು. ಹಿಂಡಿ ಎಲ್ಲಿ ಎಂದು ಕೇಳಿದರೆ ಶಂಕ್ರಮ್ಮ ಮಾಡೇ ಇಲ್ಲ ಎಂದರು. ಗೆದ್ದ ಸಂಭ್ರಮದಲ್ಲಿ ಜಗದೇವಪ್ಪ ಅದನ್ನೂ ಕ್ಷಮಿಸಿದರು. ಊಟವಾದ ಮೇಲೆ ಮಗ ತಲೆ ತಗ್ಗಿಸಿ ಚಾವಿ ಮುಂದೆ ಹಿಡಿದ. ತಪ್ಪಾಯ್ತ್ರಿ ಅಪ್ಪಾ, ನೀವೇ ಹೊಡೀರಿ ಎಂದ.

“ಗೆದ್ದೀರಲ್ಲ” ಎಂದರು ಶಂಕ್ರಮ್ಮ ಮೆಲ್ಲಗೆ. “ಗೆದ್ದವರು ಸಾಹುಕಾರನಂಗ ಹಿಂದ ಕೂಡ್ರಬೇಕು. ನನ್ನ ಬಾಜೂಕ.”

ಜಗದೇವಪ್ಪ ಚಾವಿಯನ್ನು ಒಮ್ಮೆ ತೂಗಿ ನೋಡಿದರು. ಬೆಳಿಗ್ಗೆ ಮಗ ಕಸಿಯಲು ಬಂದಿದ್ದರೆ ಸಾಯುವ ತನಕ ಬಿಡುತ್ತಿರಲಿಲ್ಲ. ಈಗ ಅದು ಹಗುರವಾಗಿತ್ತು. ಮಗನ ಕಡೆಗೆ ಎಸೆದರು.

“ಇನ್ನ ಮ್ಯಾಲ ನೀನೇ ಹೊಡಿ. ನಾ ಸೋತು ಕೊಟ್ಟಿಲ್ಲ, ನೆನಪಿರಲಿ.”

ವಾಪಸು ಬರುವಾಗ ಮಹಾಗಾಂವ ಕ್ರಾಸಿನ ತೇಪೆಯ ಮೇಲೆ ಜೀಪು ಒಮ್ಮೆ ಕುಪ್ಪಳಿಸಿ ಸುಮ್ಮನಾಯಿತು. ಸ್ಟೇರಿಂಗು ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಜಗದೇವಪ್ಪನವರ ಮೊಣಕಾಲ ಮೇಲಿದ್ದ ಕೈ ಮಾತ್ರ ತನ್ನಷ್ಟಕ್ಕೆ ಅಲುಗುತ್ತಲೇ ಇತ್ತು. ಮಗ ಕನ್ನಡಿಯಲ್ಲಿ ನೋಡಿಯಾನು ಎಂದು ಅವರು ಅದನ್ನು ಮುಚ್ಚಿಕೊಳ್ಳುವ ಮೊದಲೇ, ಹೊಲಗಳ ಕಡೆ ನೋಡುತ್ತ ಕೂತಿದ್ದ ಶಂಕ್ರಮ್ಮ ಸೆರಗಿನೊಳಗಿನ ಎಡಗೈ ತೆಗೆದು ಅದರ ಮೇಲಿಟ್ಟರು.

ಬಳೆಯಲ್ಲಿ ತೂಗುತ್ತಿದ್ದ ಸೇಫ್ಟಿ ಪಿನ್ನುಗಳ ನಡುವೆ, ಗ್ರೀಸು ಹತ್ತಿದ ಒಂದು ಕಾಟರ್ ಪಿನ್ನಿತ್ತು.