ಬಡಾಯಿಯ ಬ್ಯಾರನ್

“ನಾನು ಗೋಡೆಗೆ ಅಂಗೈ ಇಟ್ಟರೆ ಸಾಕು ಸಾರ್, ಒಳಗಿರೋ ಹೊಗೆಸೊಪ್ಪು ಹೆದರ್ಕೊಂಡು ಬಂಗಾರದ ಬಣ್ಣಕ್ಕೆ ತಿರುಗುತ್ತೆ. ಹೋದ ವರ್ಷ ನನ್ನ ಎಲೆ ಹೊಳಪು ತಡೀಲಾರದೆ ಹರಾಜಿನೋರು ಕಪ್ಪು ಕನ್ನಡಕ ಹಾಕ್ಕೊಂಡು ಬಂದಿದ್ರು!”

ಸಹಾಯಧನದ ಅಧಿಕಾರಿ ನಗಲಿಲ್ಲ. ಮೂಗು ಅರಳಿಸಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಚ್ಚಿದ ಬಾಗಿಲನ್ನೇ ನೋಡಿದ. ಒಳಗಿನಿಂದ ಏನೋ ಸುಟ್ಟ ವಾಸನೆ ಬರುತ್ತಿತ್ತು.

ಊರೆಲ್ಲ ‘ಬಡಾಯಿ’ ಎಂದೇ ಕರೆಯುತ್ತಿದ್ದ ಈ ಮಾತುಗಾರ ಬಾಯಿ ತೆರೆದರೆ ಬೀಸುವ ಗಾಳಿಯೂ ನಿಂತು ಕೇಳುತ್ತಿತ್ತಂತೆ. ಅವತ್ತು ಗಾಳಿಯೇ ಇರಲಿಲ್ಲ. ಚಿಮಣಿಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಅಧಿಕಾರಿಯ ಜೀಪಿನ ಚಾಲಕ ಮರದಡಿ ಗೊರಕೆ ಹೊಡೆಯುತ್ತಿದ್ದ.

ಎಲೆ ಬೇಯಿಸಿ ಹದ ಮಾಡುವ ಬೆಳೆಗಾರನಿಗೆ ಸರ್ಕಾರದ ಸಹಾಯಧನ. ಪ್ರತಿವರ್ಷ ಅದು ಬಡಾಯಿಯ ಅಣ್ಣನಿಗೆ ಬರುತ್ತಿತ್ತು. ಈ ಸಲ ಬಡಾಯಿ, ಹದ ಮಾಡುವವನು ತಾನೇ ಎಂದು ತನ್ನ ಹೆಸರಿಗೆ ಕೇಳಿದ್ದ. ಅಲ್ಲ ಎನ್ನಬೇಕಿದ್ದ ಅಣ್ಣ ವಾರದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ನಿಮ್ಮಣ್ಣ ಎಲ್ಲಿ?”

“ನೆಂಟರ ಮನೆಗೆ ಹೋದ ಸಾರ್. ‘ತಮ್ಮಾ, ನೀನಿರೋವಾಗ ನನಗೇನು ಚಿಂತೆ’ ಅಂತ ತಬ್ಬಿಕೊಂಡು ಅತ್ತ. ಆ ಕಣ್ಣೀರಿಗೆ ಅಂಗಳದ ಧೂಳೆಲ್ಲ ಅಡಗಿಹೋಯ್ತು.”

“ನನಗೆ ಗೊತ್ತಿಲ್ಲದೇ ಇರೋ ನೆಂಟರು ಯಾರಪ್ಪಾ ಮೈದುನ?” ಅಧಿಕಾರಿಯ ಜೊತೆಗೇ ಬಂದಿದ್ದ ಅತ್ತಿಗೆ ಕೇಳಿದಳು. ಕಣ್ಣಲ್ಲಿ ಹನಿ ನೀರಿಲ್ಲ. ಒಲೆಯ ಬಾಯಿಯ ಬಳಿ ಬಿದ್ದಿದ್ದ ಗಂಡನ ಟವೆಲ್ ಎತ್ತಿ ಹಿಡಿದಳು. “ಇದು ಹೆಗಲ ಮೇಲಿಲ್ದೆ ಅವರು ಹೊಸ್ತಿಲು ದಾಟಿದ್ದು ನಾನಂತೂ ಕಾಣೆ.”

ಬಡಾಯಿಯ ನಾಲಿಗೆ ಒಣಗಿತು. ಅತ್ತಿಗೆ ಚೊಂಬಿನಲ್ಲಿ ನೀರು ತುಂಬಿಕೊಂಡಳು. ಅವನಿಗೆ ಕೊಡಲಿಲ್ಲ. ಪರದೆ ಎಳೆದಿದ್ದ ಜೀಪಿನ ಕಡೆ ಹೋಗಿ, ಖಾಲಿ ಚೊಂಬು ಹಿಡಿದು ಬಂದಳು.

“ಅಣ್ಣನಿಗೇ ಹೊಗೆ ಹಾಕಿದೀರಿ ಅಂತ ಊರು ಮಾತಾಡ್ತಿದೆ,” ಅಧಿಕಾರಿ ತಣ್ಣಗೆ ಹೇಳಿದ. “ಬಾಗಿಲು ತೆಗೀರಿ.”

“ಈಗ ತೆಗೆದ್ರೆ ಬಣ್ಣ ಕೆಡುತ್ತೆ ಸಾರ್!”

“ಯಾರ ಬಣ್ಣ?”

ಬಡಾಯಿ ಅಗುಳಿ ಸರಿಸಿದ. ಕಮಟು ಬಿಸಿಗಾಳಿ ಮುಖಕ್ಕೆ ರಾಚಿತು. ಅಧಿಕಾರಿ ಟಾರ್ಚ್ ಬೆಳಕು ಬಿಟ್ಟ. ಗಳುಗಳಿಂದ ಕರ್ರಗೆ, ಸುರುಟಿಕೊಂಡು, ಸಾಲುಸಾಲಾಗಿ ನೇತಾಡುತ್ತಿದ್ದವು ಎಲೆಗಳು. ಬರೀ ಎಲೆಗಳು. ಇಡೀ ವರ್ಷದ ಬೆಳೆ ಸೀದು ಇದ್ದಿಲಾಗಿತ್ತು.

“ಹೆಣ ಇಲ್ಲಿಲ್ಲ. ಹಾಗಾದ್ರೆ ಎಲ್ಲಿ ಹೂತಿದೀರಿ?”

ಬಡಾಯಿ ಕುಸಿದು ಕೂತ.

“ಅಯ್ಯೋ, ಕೊಲೆ ಗಿಲೆ ಏನಿಲ್ಲ ಸಾರ್! ನನಗೆ ಹದ ಮಾಡೋಕೇ ಬರಲ್ಲ. ಯಾವಾಗ ಸೌದೆ ಒಟ್ಟಬೇಕು, ಯಾವಾಗ ಎಳೀಬೇಕು, ಒಂದೂ ಗೊತ್ತಿಲ್ಲ. ಇಷ್ಟು ವರ್ಷ ಎಲೆ ಬೇಯಿಸಿದ್ದು ಅಣ್ಣ. ನಾನು ಹೊರಗೆ ಕೂತು ಬರೀ ಮಾತು ಬೇಯಿಸ್ತಿದ್ದೆ. ಸಹಾಯಧನದ ಆಸೆಗೆ ‘ನೀನು ನನ್ನ ಕೂಲಿಯಾಳು’ ಅಂದುಬಿಟ್ಟೆ. ಟವೆಲ್ ಬಿಸಾಕಿ ಹೊರಟೇಹೋದ. ಎಲ್ಲಿದಾನೋ, ಇದಾನೋ ಇಲ್ವೋ... ಆ ದುಡ್ಡು ಅವನದೇ ಸಾರ್. ಬ್ಯಾರನ್ನಿನ ಹದವೂ ಅವನದೇ ಕೈಚಳಕ!”

“ಇನ್ನೊಂದು ಸಲ. ಜೋರಾಗಿ.”

ಬಡಾಯಿ ಜೋರಾಗಿ ಹೇಳಿದ. ಹುಟ್ಟಿದ ಮೇಲೆ ಅವನು ಆಡಿದ ಮೊದಲ ನಿಜವದು, ಹೊಲದಾಚೆಗೂ ಕೇಳಿಸಿತು.

ಅತ್ತಿಗೆ ಜೀಪಿನತ್ತ ತಿರುಗಿದಳು. “ರೀ, ಕೇಳಿಸ್ತಾ? ಇನ್ನು ಇಳೀರಿ.”