ಬಿಲ್ಲೆಯ ಪಟ್ಟಿ

“ನೋಡವ್ವಾ, ಕುಣಿಲಾಕತ್ತದ!” ಎಂದು ದತ್ತಪ್ಪ ಕೂಗಿದ. ಅವನ ಬಲತೋಳಿನ ಚರ್ಮದ ಕೆಳಗೆ ಮಾಂಸ ತಾನಾಗಿಯೇ ಪಟಪಟ ಅದುರುತ್ತಿತ್ತು. ಕಲಬುರಗಿ ಸ್ಟೇಶನ್ನಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ಆ ತೋಳು ಈಗ ಚಹಾದ ಕಪ್ಪನ್ನೂ ಎತ್ತುತ್ತಿರಲಿಲ್ಲ. “ದೊಡ್ಡ ಗಂಟು ಇಳಿಸಿದ ಮ್ಯಾಲ ಹಿಂಗೇ ಕುಣೀತಿತ್ತು. ತಾಕತ್ತು ಹೊಳ್ಳಿ ಬರ್ಲಾಕತ್ತದ. ನನ್ನ ಹಮಾಲಿ ಬಿಲ್ಲೆ ತಗೊಂಬಾ.”

ಎಣ್ಣೆ ತಿಕ್ಕುತ್ತಿದ್ದ ಮಗಳು ಪಂಚಶೀಲಾಳ ಕೈ ನಿಂತಿತು. ನಿನ್ನೆ ಕಲಬುರಗಿಯಲ್ಲಿ ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಹೇಳಿದ್ದರು: “ನರ ಸಾಯ್ಲಾಕತ್ಯಾವಮ್ಮಾ, ಅದಕ್ಕೇ ಸ್ನಾಯು ಹಂಗ ಅದರ್ತಾವ. ಈ ಕೈ ಆದ ಮ್ಯಾಲ ಆ ಕೈ. ಕಡೀಕ ಉಸಿರಾಡೋ ಸ್ನಾಯು. ಇದಕ್ಕ ಔಷಧ ಇಲ್ಲ.” ಹೊರಗೆ ಕಾಯುತ್ತಿದ್ದ ಅಪ್ಪನಿಗೆ ಅವಳು, ಡಾಕ್ಟರು ಎಣ್ಣೆ ತಿಕ್ಕಲು ಹೇಳಿದ್ದಾರೆ ಎಂದಷ್ಟೇ ಹೇಳಿ, ತಮ್ಮೂರು ಕಮಲಾಪುರದ ಬಸ್ಸು ಹತ್ತಿಸಿದ್ದಳು.

ಗೂಟಕ್ಕೆ ನೇತುಹಾಕಿದ್ದ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತಂದು, ಅದರ ಚರ್ಮದ ಪಟ್ಟಿಯನ್ನು ತೋಳಿಗೆ ಸುತ್ತಿ ಕೊನೆಯ ತೂತಿಗೆ ಬಿಗಿದಳು. ಕೈ ಬಿಟ್ಟ ಕೂಡಲೇ ಬಿಲ್ಲೆ ಸರ್ರನೆ ಮೊಣಕೈಗೆ ಜಾರಿತು.

ದತ್ತಪ್ಪ ಅದನ್ನು ನೋಡಿದ. “ಪಟ್ಟಿ ಹಿಗ್ಗ್ಯಾದ ನೋಡು. ಎಷ್ಟು ವರ್ಷದ್ದು ಅದು!” ಎಂದ.

“ಹೌದಪ್ಪಾ, ಪಟ್ಟೀನೇ ಹಿಗ್ಗ್ಯಾದ,” ಎಂದು ಪಂಚಶೀಲಾ ಪಟ್ಟಿ ಬಿಚ್ಚಿ, ದಬ್ಬಣ ತಂದು ಇನ್ನೊಂದು ತೂತು ಕೊರೆದಳು. ಆಮೇಲೆ ಅಪ್ಪನಿಗೆ ಬೆನ್ನು ಮಾಡಿ ಕುಳಿತು, ಮುಂದಿನ ತಿಂಗಳಿಗೆಂದು ಅದರಾಚೆ ಮತ್ತೊಂದನ್ನು ಕೊರೆದಳು.