ಎಡಗಡೆಯ ಕುರ್ಚಿ

ಗೊಣಗಣ್ಣ ತನ್ನ ವಿಯೋಲಾ ಎಂಬ ದೊಡ್ಡ ಪಿಟೀಲು ಹಿಡಿದು ಬಂದು ಎಡಗಡೆಯ ಕುರ್ಚಿಯಲ್ಲಿ ಕುಳಿತದ್ದೇ ತಡ, ಯಜಮಾನಿ ಅವನತ್ತ ಪೂರ್ತಿ ತಿರುಗಿದಳು.

"ನೀನು ಯಾವಾಗ್ಲೂ ಬಲಗಡೆ ತಾನೆ ಕೂರೋದು?" ಎಂದಳು, ಕಾಲುಗಳ ನಡುವೆ ನಿಲ್ಲಿಸಿಕೊಂಡ ಚೆಲ್ಲೊದ ತಂತಿ ಬಿಗಿ ಮಾಡುವ ನೆಪದಲ್ಲಿ.

"ಸರಿಹೋಯ್ತು. ಜಾಗ ಬದಲಾಯಿಸ್ಬೇಕು ಅಂತ ಎಲ್ಲರೂ ಕೈ ಎತ್ತಿದ್ವಲ್ಲ. ನೀನೂ ಎತ್ತಿದ್ದೆ."

ಎತ್ತಿದ್ದಳು, ಎತ್ತದೆ ಗತಿಯಿರಲಿಲ್ಲ. ನಾಳೆ ಶುರುವಾಗುವ ಈ ಸಂಗೀತೋತ್ಸವ ಪೂರ್ತಿ ವಿದ್ಯಾರ್ಥಿಗಳದೇ. ಮೂರು ನಾಲ್ಕು ಜನರ ಪುಟ್ಟ ಮೇಳಗಳು. ಮುಂದೆ ನಿಂತು ತಾಳಕ್ಕೆ ಕೋಲು ಆಡಿಸುವವರಿಲ್ಲ, ಮೂಗು ತೂರಿಸಲು ಮೇಷ್ಟ್ರುಗಳಿಲ್ಲ. ಯಾವ ಸಂಜೆ ಯಾವ ಕೃತಿ, ಯಾರ ಜೊತೆ ಯಾರು, ಎಲ್ಲ ಅವರೇ ತೀರ್ಮಾನಿಸಿದ್ದು. ಪೋಸ್ಟರ್ ಅಂಟಿಸಿದ್ದೂ ಕುರ್ಚಿ ಹೊತ್ತದ್ದೂ ಅವರೇ. ಕೇಳುವವರು ಸುತ್ತಲೂ ಕೂರಬೇಕು, ನುಡಿಸುವ ಪ್ರತಿಯೊಬ್ಬರ ಕೈಯೂ ಅವರಿಗೆ ಕಾಣಬೇಕು ಎಂದು ಈ ಜಾಗ ಬದಲಿಸುವ ನಿಯಮ ಹುಟ್ಟಿತ್ತು. ಇದನ್ನೆಲ್ಲ ತಲೆಯ ಮೇಲೆ ಹೊತ್ತು ಓಡಾಡಿದ್ದಕ್ಕೆ ಅವಳಿಗೆ ಯಜಮಾನಿ ಎಂಬ ಹೆಸರು ಬಿದ್ದಿತ್ತು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಎಡಗಿವಿ ಮಂದವಾಗಿ ವರ್ಷವಾಯಿತೆಂದು ಬಾಯಿಬಿಟ್ಟರೆ ಯಜಮಾನಿಕೆ ಹಾಗಿರಲಿ, ಚೆಲ್ಲೊವನ್ನೇ ಕೆಳಗಿಡಬೇಕಾದೀತು. ಆ ಹೆದರಿಕೆ ಅವಳ ಊಟ ನಿದ್ದೆ ಎರಡನ್ನೂ ಕಿತ್ತುಕೊಂಡಿತ್ತು.

ಗುಟ್ಟು ಗೊತ್ತಿದ್ದದ್ದು ತಂಗಿಗೆ ಮಾತ್ರ. ಅವಳು ಇದೇ ಮೂವರ ಮೇಳದಲ್ಲಿ ಪಿಟೀಲು ನುಡಿಸುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಅವಳು ಅಂಗಲಾಚಿದಾಗಲೆಲ್ಲ, "ಬಲಗಿವಿ ಗಟ್ಟಿಮುಟ್ಟಾಗಿದೆ, ಸುಮ್ನಿರೇ" ಎಂದು ಅಕ್ಕ ಗದರುತ್ತಿದ್ದಳು. ಈಗ ಆ ತಂಗಿ ಬಲಗಡೆ ಕೂತು, ಸಾಕಷ್ಟು ಉಜ್ಜಿದ ಕಮಾನಿಗೇ ಮತ್ತೆ ರಾಳ ಉಜ್ಜುತ್ತಿದ್ದಳು.

ಅಭ್ಯಾಸ ಶುರುಮಾಡಿದರು. ಕೃತಿಯನ್ನು ಆರಿಸಿದವಳು ಯಜಮಾನಿಯೇ. ಮೂವರ ಸ್ವರಗಳೂ ಅವಳಿಗೆ ಕಂಠಪಾಠ. ಆದರೂ ಕೊನೆಯ ಪುಟದ ಭಯ ಬಿಟ್ಟಿರಲಿಲ್ಲ. ಅಲ್ಲಿ ಚೆಲ್ಲೊದ್ದೇ ಮುಖ್ಯ ರಾಗ, ಉಳಿದಿಬ್ಬರು ಪಿಸುಗುಟ್ಟಿದಂತೆ ಜೊತೆಗೂಡಬೇಕು. ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿ, ಅವಳು ಗೊಣಗಣ್ಣನ ಕಮಾನಿನಿಂದ ದೃಷ್ಟಿ ಕೀಳದೆ ನುಡಿಸಿದಳು. ಅವನು ಕಮಾನು ಎಳೆದಾಗ ಇವಳೂ ಎಳೆದಳು, ಅದು ನಿಂತಾಗ ನಿಲ್ಲಿಸಿದಳು. ಒಂದು ಕೂದಲಷ್ಟೂ ಹೆಚ್ಚುಕಮ್ಮಿಯಾಗಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಉಸಿರು ಬಿಟ್ಟಳು.

ಗೊಣಗಣ್ಣ ಎಂದಿನಂತೆ ಗೊಣಗಲಿಲ್ಲ. ಅದೇ ಅವಳಿಗೆ ಮೊದಲು ದಿಗಿಲು ಹುಟ್ಟಿಸಿದ್ದು.

"ಕೊನೇ ಪುಟದಲ್ಲಿ ನನ್ನದು ಹೇಗಿತ್ತು?" ಎಂದ.

"ಚೆನ್ನಾಗಿತ್ತು. ಅಷ್ಟು ಹದವಾಗಿ ನೀನು ಯಾವತ್ತೂ ನುಡಿಸಿರ್ಲಿಲ್ಲ."

ಅವನು ತನ್ನ ಬೂಟನ್ನೇ ನೋಡುತ್ತ ಕುಳಿತ. "ನಾನು ನುಡಿಸಲೇ ಇಲ್ಲ ಕಣೆ. ಕಮಾನು ಆಡಿಸಿದೆ ಅಷ್ಟೆ, ತಂತಿಗೆ ತಾಗಿಸಲಿಲ್ಲ. ತುಂಬ ದಿನದಿಂದ ನನಗೆ ಅನುಮಾನ ಇತ್ತು."

ಕದ್ದು ಸಿಕ್ಕಿಬಿದ್ದವರ ಹಾಗೆ ಮೊದಲು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಎಡಗಿವಿ ಮಂದ, ನಿಜ," ಎಂದಳು ತಗ್ಗಿದ ದನಿಯಲ್ಲಿ. "ನಿನ್ನ ದಮ್ಮಯ್ಯ, ಯಾರಿಗೂ ಹೇಳ್ಬೇಡ. ನಾಳೆ ನೀನು ಈ ಕಡೆ ಬಂದು ಕೂತ್ಕೋ, ಸಾಕು. ಬಲಗಿವಿಗೆ ಏನೂ ಆಗಿಲ್ಲ. ಕೊನೇ ಪುಟದಲ್ಲೂ ಇವಳ ಪಿಟೀಲು ಒಂದೊಂದು ಸ್ವರಾನೂ ಸ್ಪಷ್ಟವಾಗಿ ಕೇಳಿಸ್ತು. ಬೇಕಾದ್ರೆ ಇವಳನ್ನೇ ಕೇಳು."

ಅವನು ಕೇಳಲಿಲ್ಲ. ಅವಳೇ ಬಲಕ್ಕೆ ತಿರುಗಿದಳು. ತಂಗಿ ಪಿಟೀಲನ್ನು ಎದೆಗೆ ಅವಚಿಕೊಂಡು ಕುಳಿತಿದ್ದಳು. ಅವಳ ತುಟಿ ಆಡುತ್ತಿತ್ತು.

"ಜೋರಾಗಿ ಹೇಳೇ," ಎಂದಳು ಯಜಮಾನಿ.

"ನಾನೂ ತಂತಿಗೆ ತಾಗಿಸಿರಲಿಲ್ಲ, ಅಕ್ಕ."